ಅಳಿಯನ ಮಡಿ, ಜಿಂಕೆಯ ಮೂಗು

ನನ್ನ ಹೆಂಡತಿ ಸಿಡ್ನಿಯಲ್ಲಿದ್ದಾಳೆ. ಅವಳ ತಾಯಿ ಮೆಲ್ಬರ್ನ್‌ನಲ್ಲಿ ನನ್ನ ಜೊತೆ ಇದ್ದಾರೆ. ಇದನ್ನು ಕೇಳಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ನನ್ನ ಭುಜ ತಟ್ಟುತ್ತಾರೆ. ತಟ್ಟಿಸಿಕೊಂಡು ತಟ್ಟಿಸಿಕೊಂಡು ನನ್ನ ಎಡಭುಜ ಸ್ವಲ್ಪ ಇಳಿದಿದೆಯೋ ಎಂದು ನನಗೇ ಅನುಮಾನ.

ಆದದ್ದಿಷ್ಟು. ಅತ್ತೆ ಲಕ್ಷ್ಮಮ್ಮನವರು ನಂಜನಗೂಡಿನಿಂದ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಗಿ, ವೀಸಾ ಬಂದು, ಟಿಕೆಟ್ಟೂ ಬುಕ್ ಆದ ಮೇಲೆ ನಿವೇದಿತಾಗೆ ಸಿಡ್ನಿಯ ವೆಸ್ಟ್‌ಮೀಡ್‌ನ ಒಂದು ಲ್ಯಾಬಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ಅಲ್ಲಿ ಅವಳು ಇಬ್ಬರು ನರ್ಸ್‌ಗಳ ಜೊತೆ ಹಂಚಿಕೊಂಡಿರುವ ಫ್ಲ್ಯಾಟಿನಲ್ಲಿ ಮೂರನೆಯವರು ಉಸಿರು ಬಿಡಬೇಕಾದರೆ ಮೊದಲಿನ ಇಬ್ಬರು ಉಸಿರು ಎಳೆದುಕೊಳ್ಳಬೇಕು. ಹೀಗಾಗಿ ಮಗಳನ್ನು ನೋಡಲು ಸಮುದ್ರ ದಾಟಿ ಬಂದ ತಾಯಿಗೆ ಮೆಲ್ಬರ್ನ್ ಅಂಚಿನ ನಮ್ಮ ಕ್ರೇಗಿಬರ್ನ್‌ನಲ್ಲಿ ಸಿಕ್ಕಿದ್ದು ನಾನು. ಮಗಳು ಎರಡು ವಾರಕ್ಕೊಮ್ಮೆ ವಿಮಾನದಲ್ಲಿ ಬಂದು, ಅಮ್ಮನ ಕೈ ಊಟ ಉಂಡು, ನನಗೆ ಬೈದು ಹೋಗುತ್ತಾಳೆ.

ನನ್ನ ಪರಿಚಯವಿದ್ದವರಿಗೆ ಗೊತ್ತು, ಯತೀಶ ಎಂದರೆ ಮಾತು. ಡಾಕ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನಲ್ಲಿ ನಾನು ಬಾಯಿ ತೆರೆದರೆ ಪಕ್ಕದ ಟೀಮಿನವರು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಅಂಥ ನಾನು ಅತ್ತೆಯವರ ಮುಂದೆ ಮಾತ್ರ ಕಂಬ. ಮದುವೆಯಾದ ಐದು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುತ್ತಿರಲಿಲ್ಲ. "ಊಟ ಆಯ್ತಾ?" "ಆಯ್ತು." "ಕಾಫಿ ಆಯ್ತಾ?" "ಆಯ್ತು." ಹಳೇ ಕಾಲದ ಮರ್ಯಾದೆಯವರು ಅವರು, ಅಳಿಯ ಕೋಣೆಗೆ ಬಂದರೆ ಎದ್ದು ನಿಲ್ಲುತ್ತಾರೆ. ಹಿರಿಯರು ನಿಂತಿರುವಾಗ ನಾನು ಹೇಗೆ ಕೂರಲಿ? ಇಬ್ಬರೂ ನಿಂತುಕೊಂಡೇ ಒಂದು ಸೀರಿಯಲ್ಲಿನ ಪೂರ್ತಿ ಕಂತು ನೋಡಿದ್ದೂ ಉಂಟು.

ಫೆಬ್ರವರಿ ಕೊನೆಯಲ್ಲಿ ಸಿಡ್ನಿಯಿಂದ ಫೋನ್ ಬಂತು. (ನಿವೇದಿತಾ ನನ್ನನ್ನು ಅಮ್ಮನ ಎದುರಿಗೆ 'ರೀ' ಎನ್ನುತ್ತಾಳೆ, ಅಮ್ಮ ಇಲ್ಲದಾಗ 'ಲೋ' ಎನ್ನುತ್ತಾಳೆ. ಅವತ್ತು ಅಮ್ಮ ಎದುರಿಗಿರಲಿಲ್ಲ.)

"ಲೋ, ಅಮ್ಮ ಏಪ್ರಿಲ್‌ನಲ್ಲೇ ಊರಿಗೆ ಹೋಗ್ತೀನಿ ಅಂತಿದಾರೆ. ನೀನು ಏನು ಮಾಡ್ದೆ?"

"ನಾನು ಏನೂ ಮಾಡಿಲ್ಲ ಕಣೇ."

"ಅದನ್ನೇ ನಾನೂ ಹೇಳ್ತಿರೋದು. ಏನೂ ಮಾಡಿಲ್ಲ. ಒಂದು ಮಾತಾಡ್ಸಲ್ಲ, ಇದು ಮಾಡಿಕೊಡಿ ಅಂತ ಕೇಳಲ್ಲ. 'ಇಲ್ಲಿ ನನ್ನಿಂದ ಯಾರಿಗೇನಾಗ್ಬೇಕು ಹೇಳು' ಅಂತ ಕೇಳ್ತಿದಾರೆ, ನಾನೇನು ಹೇಳ್ಲಿ?"

"ಅವರು ಎದ್ದು ನಿಂತ್ಬಿಡ್ತಾರೆ ನಿವಿ. ನಿಂತವರ ಹತ್ರ ಏನಂತ ಮಾತಾಡ್ಲಿ?"

"ಅದೆಲ್ಲ ನಂಗೊತ್ತಿಲ್ಲ. ಆಗಸ್ಟ್‌ನಲ್ಲಿ ನಾನು ಗಂಟುಮೂಟೆ ಕಟ್ಕೊಂಡು ವಾಪಸ್ ಬಂದಾಗ ಬಾಗಿಲು ತೆಗೆಯೋಕೆ ಅಮ್ಮ ಇರ್ಬೇಕು. ಅವರ ಜೊತೆ ನೆಟ್ಟಗೆ ನಾಲ್ಕು ದಿನ ಇರ್ಬೇಕು ಅಂತಾನೇ ಕರೆಸ್ಕೊಂಡಿದ್ದು. ಅವರು ಹೋದ್ರೆ ನೀನೂ ಅದೇ ಫ್ಲೈಟ್ ಹತ್ಬಿಡು."

ಇದು ನನ್ನ ಸಂಸಾರದ ಕಡೆಯ ಸಮಸ್ಯೆ. ಇನ್ನೊಂದು ಕಡೆ ಶೇನ್ ಇದ್ದ. ಶೇನ್ ನನ್ನ ಟೀಮ್ ಲೀಡ್. ವಾರವೆಲ್ಲ ಕಂಪ್ಯೂಟರ್ ಕುಟ್ಟಿ ಶನಿವಾರ ಬಿಲ್ಲು ಬಾಣ ಹಿಡಿದು ಜಿಂಕೆಯ ಬೇಟೆಗೆ ಹೋಗುವ ಮನುಷ್ಯ. ಪ್ರತಿ ಸೋಮವಾರ ಎಲ್ಲರೂ ವೀಕೆಂಡಿನಲ್ಲಿ ಏನೇನು ಮಾಡಿದೆವೆಂದು ಹೇಳುವಾಗ ನಾನು "ಲಾನ್ ಕತ್ತರಿಸಿದೆ" ಎನ್ನುತ್ತಿದ್ದೆ. ಹುಲ್ಲಿಗೂ ಬೆಳೆಯಲು ಸ್ವಲ್ಪ ಸಮಯ ಕೊಡು ಎಂದು ಯಾರೋ ನಕ್ಕರು. ರೋಷ ಬಂತು. ಶೇನ್‌ನ ಬಿಲ್ಲುಗಾರರ ಕ್ಲಬ್ಬಿಗೆ ಸೇರಿದೆ. ಲೈಸೆನ್ಸ್ ಮಾಡಿಸಿದೆ. ಗಾಲಿ, ತಂತಿ, ತಿರುಪುಗಳೆಲ್ಲ ಇರುವ ಒಂದು ಬಿಲ್ಲನ್ನೂ, ಅಭ್ಯಾಸಕ್ಕೆಂದು ಆಳೆತ್ತರದ ಒಂದು ಫೋಮ್ ಜಿಂಕೆಯನ್ನೂ ತಂದು ಗ್ಯಾರೇಜಿನಲ್ಲಿ ಹಳೇ ಬೆಡ್‌ಶೀಟ್ ಹೊದಿಸಿ ಇಟ್ಟೆ.

ಏಪ್ರಿಲ್‌ನಲ್ಲಿ ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುತ್ತ ತಿರುಗುವ ಕಾಲ, ಅದೇ ನಮ್ಮ ಸೀಸನ್. ಅದಕ್ಕೂ ಮೊದಲು ಶೇನ್ ನನ್ನನ್ನು ಕೂರಿಸಿಕೊಂಡು ಉಪದೇಶ ಮಾಡಿದ. "ಮೊದಲು ಪರ್ಸನಲ್ ಗೋಲ್ಸ್ ಹಾಕ್ಕೋ. ಜಿಂಕೆ ಸಿಗೋದು ಬಿಡೋದು ನಿನ್ನ ಕೈಲಿಲ್ಲ. ನಿನ್ನ ಕೈಲಿ ಏನಿದೆಯೋ ಅದನ್ನ ಗೋಲ್ ಮಾಡ್ಕೋ." (ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತರುವಾಗ ಬೈಗುಳಗಳನ್ನು ಬಿಟ್ಟಿದ್ದೇನೆ, ಅದರಿಂದ ಉಪದೇಶ ಅರ್ಧದಷ್ಟಾಗಿದೆ.)

ಹನ್ನೆರಡು ವರ್ಷದಿಂದ ಆಫೀಸಿನಲ್ಲಿ ಗೋಲ್ ಬರೆದು ಒಂದನ್ನೂ ಮುಟ್ಟದ ನನಗೆ ಇದು ಪುನರ್ಜನ್ಮದಂತೆ ಕಂಡಿತು. ನನ್ನ ಗುರಿಗಳು ತಯಾರಾದವು. ಬೆಳಗಿನ ಜಾವ ಏಳಬೇಕು. ಒಂದು ಗಂಟೆ ಮಾತಿಲ್ಲದೆ, ಮಿಸುಕಾಡದೆ ಕೂರಬೇಕು. ಊಟದ ತಟ್ಟೆಯಷ್ಟು ಜಾಗದೊಳಗೆ ಬಾಣ ಬೀಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೈಗೆ ವಾಸನೆ ಇರಬಾರದು, ಏಕೆಂದರೆ ಜಿಂಕೆಯ ಮೂಗು ಬಹಳ ಚುರುಕು. ಕೊನೆಯ ಗುರಿ ಜಿಂಕೆ. ಆ ಗುರಿಯ ಬಗ್ಗೆ ನಾನು ಹೆಚ್ಚು ಯೋಚಿಸಲಿಲ್ಲ. ಮೊಟ್ಟೆಯನ್ನು ಕೂಡ ಮನೆಯ ಹೊರಗೆ ತಿಂದು ಬೆಳೆದವನು ನಾನು. ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಅದನ್ನು ಪೆಂಡಿಂಗ್ ಇಟ್ಟೆ.

ವಾಸನೆ ಬಿಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ನನ್ನ ಚರ್ಮದ ಕೆಳಗೆ ಒಂದು ಪದರ ಇಂಗು, ಅದರ ಕೆಳಗೆ ಒಂದು ಪದರ ಬೆಳ್ಳುಳ್ಳಿ ಇದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟೆ. ಸೆಂಟು, ಪೌಡರು, ತಲೆಗೆ ಎಣ್ಣೆ ಬಿಟ್ಟೆ. ವಾಸನೆಯಿಲ್ಲದ ಸೋಪು ತಂದು ಎರಡು ಹೊತ್ತು ಸ್ನಾನ ಶುರುಮಾಡಿದೆ. ಬೇಟೆಯ ಬಟ್ಟೆಯನ್ನು ಬೇರೆಯಾಗಿ ಒಗೆದು, ಹಿತ್ತಲ ಮೂಲೆಯಲ್ಲಿ ಬೇರೆ ಹಗ್ಗಕ್ಕೆ ಹಾಕಿ, ಒಣಗಿದ ಮೇಲೆ ಮುಚ್ಚಳದ ಡಬ್ಬದಲ್ಲಿಡಬೇಕು. ಬೇರೆಯವರು ಮುಟ್ಟಿದರೆ ಅವರ ವಾಸನೆ ಹತ್ತುತ್ತದೆ. ಇದೂ ಶೇನ್ ಹೇಳಿದ್ದೇ.

ಆ ಬಟ್ಟೆ ಮೊದಲ ದಿನ ಹಗ್ಗದ ಮೇಲಿದ್ದಾಗ ಅತ್ತೆ ಬುಟ್ಟಿ ಹಿಡಿದುಕೊಂಡು ಅದನ್ನು ತೆಗೆಯಲು ಹೋದರು. ನಾನು ಒಳಗಿನಿಂದ ಓಡಿ ಬಂದೆ.

"ಮುಟ್ಬೇಡಿ ಅತ್ತೆ."

ಐದು ವರ್ಷದಲ್ಲಿ ನಾನಾಗಿಯೇ ಅವರ ಜೊತೆ ಆಡಿದ ಮೊದಲ ಮಾತು ಇದು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಬಟ್ಟೆಯನ್ನು ನೋಡಿದರು, ನನ್ನ ಒದ್ದೆ ತಲೆಯನ್ನು ನೋಡಿದರು. ಒಂದು ವಾರದಿಂದ ಈರುಳ್ಳಿ ಪಕ್ಕಕ್ಕೆ ಸರಿಸುತ್ತಿದ್ದುದೂ ಅವರಿಗೆ ನೆನಪಾಗಿರಬೇಕು.

"ಮಡೀನಾ ಅಳಿಯಂದ್ರೆ?" ಎಂದರು ಮೆಲ್ಲಗೆ.

ಜಿಂಕೆ ಕೊಲ್ಲಲು ಎಂದು ಹೇಳುವುದೇ, ಅಥವಾ ಹೌದು ಎನ್ನುವುದೇ? ನೀವಾದರೂ ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? "ಹೂಂ, ಒಂಥರಾ ಹಾಗೇ" ಎಂದುಬಿಟ್ಟೆ.

ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಯಾವ ವ್ರತ ಎಂದು ಕೇಳಿದರು. ನಾನು ತಡವರಿಸಿದೆ. "ಹೇಳ್ಬಾರ್ದು ಅಂತಿದ್ರೆ ಹೇಳ್ಬೇಡಿ, ಹೇಳಿದ್ರೆ ಫಲ ಹೋಗುತ್ತೆ" ಎಂದು ಅವರೇ ದಾರಿ ಮಾಡಿಕೊಟ್ಟರು. ಅಲ್ಲಿಂದ ಮುಂದೆ ನಾನು ಸುಳ್ಳು ಹೇಳುವ ಶ್ರಮವನ್ನೂ ಪಡಬೇಕಾಗಲಿಲ್ಲ, ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಬಟ್ಟೆಯ ಮೇಲೆ ಎಲೆ, ರೆಂಬೆಗಳ ಚಿತ್ರ ಏಕೆ? ಋಷಿಗಳು ನಾರುಮಡಿ ಉಡುತ್ತಿರಲಿಲ್ಲವೇ, ಹಾಗೆ. ಮಾತೇಕಿಲ್ಲ? ಮೌನವ್ರತ. ಊದುಬತ್ತಿ ಏಕೆ ಬೇಡ ಎಂಬುದೊಂದಕ್ಕೆ ಮಾತ್ರ ನಾನೇ ಉತ್ತರ ಹುಡುಕಬೇಕಾಯಿತು. ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ ಎಂದೆ. ಹಾಗಾದರೆ ತುಪ್ಪದ ದೀಪ ಸಾಕು ಎಂದರು.

ಮರುದಿನದಿಂದ ಅಡುಗೆಮನೆಗೆ ಜೀವ ಬಂತು. ಅಳಿಯನ ವ್ರತಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಲೆಕ್ಕ ಹಾಕುವುದೇ ಅವರಿಗೆ ಪೂರ್ಣಾವಧಿ ಕೆಲಸವಾಯಿತು. ಪೊರಕೆಯ ಹಿಡಿ ಕತ್ತರಿಸಿ, ತೊಳೆದು ಒಂದು ಮಡಿಕೋಲು ಮಾಡಿದರು. ನನ್ನ ಬಟ್ಟೆಯನ್ನು ಕೈ ಸೋಕಿಸದೆ ಕೋಲಿನಿಂದ ಎತ್ತಿ ಡಬ್ಬಕ್ಕೆ ಇಳಿಸುತ್ತಿದ್ದರು. ಇದನ್ನು ಶೇನ್‌ಗೆ ಹೇಳಿದಾಗ ಅವನು, "ಇಪ್ಪತ್ತು ವರ್ಷದಿಂದ ಬೇಟೆ ಆಡ್ತಿದೀನಿ, ಇದು ನಂಗೆ ಹೊಳೀಲಿಲ್ಲ" ಎಂದ.

ಸುದ್ದಿ ಪಕ್ಕದ ಬೀದಿಯ ವಸಂತಾ ಆಂಟಿಗೆ ಹೋಯಿತು. ಅಲ್ಲಿಗೆ ಹೋದ ಮೇಲೆ ಕ್ರೇಗಿಬರ್ನ್‌ಗೆಲ್ಲ ಹೋದಂತೆಯೇ. ಒಂದು ಭಾನುವಾರ ಆಂಟಿ ಮಗನನ್ನು ಕರೆದುಕೊಂಡು ಬಂದು, ಇವನ ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಬೇಗ ಬರುವಂತೆ ಒಂದು ಅಕ್ಷತೆ ಹಾಕಪ್ಪ ಎಂದರು. ಹಾಕಿದೆ. (ಪಿಆರ್ ಇನ್ನೂ ಬಂದಿಲ್ಲ. ನನ್ನನ್ನು ಕೇಳಬೇಡಿ.) "ನಮ್ಮ ಯತೀಶ್ ಹೆಸರಿಗೆ ತಕ್ಕ ಹಾಗೆ ಆಗ್ಬಿಟ್ರು" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಐದು ವರ್ಷದಲ್ಲಿ ಅವರು ನನ್ನನ್ನು 'ನಮ್ಮ' ಎಂದದ್ದು ಅದೇ ಮೊದಲು.

ಇನ್ನು ಮೌನದ ವಿಷಯ. ಬೆಳಗಿನ ಜಾವ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಮೊದಲ ದಿನ ನಾಲಿಗೆ ತುರಿಸಿತು. ಎರಡನೇ ದಿನ ಹೊರಗೆ ಬಂದಾಗ ಪಕ್ಕದಲ್ಲಿ ಇನ್ನೊಂದು ಸ್ಟೂಲ್ ಇತ್ತು, ಅದರ ಮೇಲೆ ಶಾಲು ಹೊದ್ದುಕೊಂಡು ಅತ್ತೆ ಇದ್ದರು. ನನ್ನನ್ನು ನೋಡಿ ಏಳಲಿಲ್ಲ, ವ್ರತದಲ್ಲಿ ಕೂತವರು ಏಳಬಾರದಂತೆ. ಮಡಿಲಲ್ಲಿ ಹತ್ತಿ ಇಟ್ಟುಕೊಂಡು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಬೇಲಿಯ ಮೇಲೆ ಮ್ಯಾಗ್‌ಪೈ ಹಕ್ಕಿ ಹಾಡುತ್ತಿತ್ತು. ಒಂದು ಗಂಟೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಕಾಫಿ ಕುಡಿದೆವು, ಅದೂ ಕೂತುಕೊಂಡು.

ಹೀಗೆ ದಿನಗಳು ಹೋದವು. ನಿಜ ಹೇಳುತ್ತೇನೆ, ಆ ಒಂದು ಗಂಟೆಗಾಗಿ ನಾನು ಹಿಂದಿನ ರಾತ್ರಿಯಿಂದಲೇ ಕಾಯತೊಡಗಿದ್ದೆ. ಖಾಲಿ ಮನೆಯಲ್ಲಿ ಟಿವಿಯ ಜೊತೆ ಮಾತಾಡಿಕೊಂಡಿದ್ದ ನನಗೆ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರುವುದು ಎಷ್ಟು ಹಿತವೆಂದು ಗೊತ್ತಿರಲಿಲ್ಲ. ಒಂದು ದಿನ ಅವರು ಮಂಡಿ ಹಿಡಿದುಕೊಂಡು ಏಳಲು ಒದ್ದಾಡಿದರು. ಮುಲಾಮು ಹಚ್ಚಿಕೊಳ್ಳಲಿಲ್ಲವೇ ಎಂದೆ. "ಅದರ ವಾಸನೆಗೆ ನಿಮ್ಮ ವ್ರತ ಕೆಡುತ್ತೆ ಅಂತ ಬಿಟ್ಟಿದೀನಿ, ಮುಗಿಯೋವರೆಗೆ ತಾನೇ" ಎಂದರು. ಅವತ್ತು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ನಿವೇದಿತಾ ಫೋನಿನಲ್ಲಿ ಖುಷಿಯಾಗಿದ್ದಳು. ಆದರೆ ಟಿಕೆಟ್ ಮಾತ್ರ ಹಾಗೇ ಇತ್ತು. ಕೇಳಿದ್ದಕ್ಕೆ ಅತ್ತೆ, "ವ್ರತ ಮುಗಿಸಿ ಕೊಟ್ಟು ಹೋಗ್ತೀನಿ. ಆಮೇಲೆ ನನ್ನಿಂದ ಏನಾಗ್ಬೇಕು?" ಎಂದಿದ್ದರಂತೆ. ನನ್ನ ಸೀಸನ್ ಮುಗಿದರೆ ಅವರ ವ್ರತ ಮುಗಿಯುತ್ತದೆ, ವ್ರತ ಮುಗಿದರೆ ಅವರು ಹೊರಡುತ್ತಾರೆ. ಹೋಗಬೇಡಿ ಎಂದು ಹೇಳಲು ದಿನಾ ಹೊರಡುತ್ತಿದ್ದೆ, ಬಾಯಿಯವರೆಗೆ ಬಂದದ್ದು "ಕಾಫಿ ಆಯ್ತಾ?" ಎಂದಾಗಿಬಿಡುತ್ತಿತ್ತು.

ಕೊನೆಗೆ ಆ ಶನಿವಾರ ಬಂತು. ಮ್ಯಾನ್ಸ್‌ಫೀಲ್ಡ್ ಆಚೆ ಶೇನ್‌ನ ಚಿಕ್ಕಪ್ಪನ ಜಮೀನು. ಅತ್ತೆಗೆ, ವ್ರತದ ಕೊನೆಯ ದಿನ ಒಂದು ಬೆಟ್ಟಕ್ಕೆ ಹೋಗಬೇಕು ಎಂದಿದ್ದೆ. ಅವರು ಇಂಗು ಸಾಸಿವೆಯ ಒಗ್ಗರಣೆಯಿಲ್ಲದ ಮೊಸರನ್ನ ಕಟ್ಟಿಕೊಟ್ಟರು. (ನಂಜನಗೂಡಿನ ಹೆಣ್ಣುಮಗಳೊಬ್ಬರು ಒಗ್ಗರಣೆ ಹಾಕದೆ ಮೊಸರನ್ನ ಕಲೆಸುವುದು ಎಂಥ ತ್ಯಾಗವೆಂದು ಬಲ್ಲವರು ಬಲ್ಲರು.) ಶೇನ್ ಹೊರಡುವ ಮೊದಲು ಎಮರ್ಜೆನ್ಸಿಗೆಂದು ಮನೆಯವರ ನಂಬರು ಕೇಳಿದ, ನಿವೇದಿತಾಳದು ಕೊಟ್ಟೆ. ಅಲ್ಲಿಗೆ ಹೋದ ಮೇಲೆ ಅವನು, "ಇವತ್ತು ನಿಂದು. ನಾನು ಹಿಂದೆ ನಿಂತು ವಿಡಿಯೋ ತೆಗೀತೀನಿ" ಎಂದು ಒಂದು ಮರದ ಹಿಂದೆ ಸರಿದ.

ನಾನು ಕೂತೆ. ನನ್ನ ಗುರಿಗಳೆಲ್ಲ ಒಂದೊಂದಾಗಿ ಈಡೇರಿದವು. ವಾಸನೆಯಿಲ್ಲ, ಸದ್ದಿಲ್ಲ, ಅಲುಗಾಟವಿಲ್ಲ. ಬಿಸಿಲು ಏರುವ ಹೊತ್ತಿಗೆ ಗಿಡಗಳ ನಡುವಿನಿಂದ ಒಂದು ಗಂಡು ಜಿಂಕೆ ಬಂತು. ಕೊಂಬೆಂದರೆ ಕೊಂಬು. ನನ್ನ ಹತ್ತಿರ ಹತ್ತಿರ ಬಂದು, ಅಲ್ಲಿ ಯಾರೂ ಇಲ್ಲವೆಂಬಂತೆ ನಿಂತಿತು. ಬಿಲ್ಲು ಎಳೆದೆ. ಊಟದ ತಟ್ಟೆಯಷ್ಟು ಜಾಗ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೆರಳು ಬಿಟ್ಟರಾಯಿತು, ಜೀವನದಲ್ಲಿ ಮೊದಲ ಸಲ ಎಲ್ಲ ಗೋಲ್‌ಗಳೂ ಮುಗಿದಂತೆ.

ಮುಗಿದಂತೆ ಎಂಬ ಮಾತು ಮನಸ್ಸಿಗೆ ಬಂದದ್ದೇ ಕೈ ಸೋತಿತು. ಅದು ಕತ್ತೆತ್ತಿ ನೋಡಿತು. ಅತ್ತೆಯ ಹಾಗೆಯೇ ಮರ್ಯಾದಸ್ಥ ಕಣ್ಣು. ಬಿಲ್ಲು ಇಳಿಸಿದೆ. ಆರು ವಾರದಿಂದ ಹಿಡಿದಿಟ್ಟಿದ್ದ ಬಾಯಿ ತಾನಾಗಿ ತೆರೆಯಿತು.

"ಊಟ ಆಯ್ತಾ?" ಎಂದೆ.

ಜಿಂಕೆ ಓಡಲಿಲ್ಲ. (ಆ ಕಾಲದಲ್ಲಿ ಗಂಡು ಜಿಂಕೆಗಳಿಗೆ ತಲೆ ನೆಟ್ಟಗಿರುವುದಿಲ್ಲವಂತೆ. ಎದುರುಬದುರು ಇದ್ದದ್ದು ಎರಡೇ ಗಂಡು, ಇಬ್ಬರದೂ ಅದೇ ಸ್ಥಿತಿ.) ನಾನು ಮುಂದುವರಿಸಿದೆ.

"ನಿಂಗೆ ಹೊಡೆದ್ರೆ ನನ್ನ ಕಥೆ ಮುಗೀತು ಕಣಪ್ಪ. ವ್ರತ ಮುಗಿಯುತ್ತೆ, ಅತ್ತೆ ಹೊರಡ್ತಾರೆ. ವ್ರತ ಎಲ್ಲಿಂದ ಬಂತು, ಎಲ್ಲ ನಿನ್ನ ಮೂಗಿಗೆ ಹೆದರಿ ಆಡಿದ ನಾಟ್ಕ. ಆಯಮ್ಮ ನಂಬ್ಕೊಂಡು ಮಂಡಿಗೆ ಮುಲಾಮು ಹಚ್ಚೋದೂ ಬಿಟ್ಟಿದಾರೆ. ಅವರ ಸಾರಿಗೆ ಉಪ್ಪು ಕಮ್ಮಿ, ಸೀರಿಯಲ್ ಸೌಂಡು ಜಾಸ್ತಿ. ಆದ್ರೂ ಬೆಳಿಗ್ಗೆ ಪಕ್ಕದಲ್ಲಿ ಬತ್ತಿ ಹೊಸೀತಾ ಕೂತಿದ್ರೆ ಮನೇಲಿ ನಮ್ಮೋರು ಇದಾರೆ ಅನ್ಸುತ್ತೆ. ನಂಗೆ ಬುದ್ಧಿ ಬರೋ ಹೊತ್ತಿಗೆ ಅಮ್ಮ ಇರ್ಲಿಲ್ಲ. ಹೀಗೆ ಪಕ್ಕದಲ್ಲಿ ಯಾರೂ ಕೂತಿರ್ಲಿಲ್ಲ. ಹೋಗ್ಬೇಡಿ ಅತ್ತೆ ಅನ್ನೋಕೆ ಎಷ್ಟೊತ್ತು ಬೇಕು ಹೇಳು? ಬಾಯೇ ಬರಲ್ಲ. ನಿಂಗೆ ಹೇಳ್ತಿದೀನಿ ನೋಡು."

ಜಿಂಕೆ ಕಿವಿ ಒದರಿ, ಹೆಚ್ಚೇನೂ ಅವಸರವಿಲ್ಲದೆ, ಬಂದ ದಾರಿಯಲ್ಲೇ ಹೊರಟುಹೋಯಿತು. ಶೇನ್ ಮರದ ಹಿಂದಿನಿಂದ ಬಂದ. ಬೈಯುತ್ತಾನೆಂದುಕೊಂಡೆ. ಅವನ ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಕಡೆ ಬಾಣ ಬಿಡೋ ಮುಂಚೆ ಪ್ರಾರ್ಥನೆ ಮಾಡ್ತಾರಾ? ಬಹಳ ಚೆನ್ನಾಗಿತ್ತು." ಫೋನ್ ಜೇಬಿಗಿಟ್ಟು, "ಇನ್ನೊಂದು ಸ್ವಲ್ಪ ಚಿಕ್ಕದಿದ್ರೆ ಒಳ್ಳೇದು" ಎಂದ.

ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಅವನು ಫೋನಿನಲ್ಲಿ ಏನೋ ಒತ್ತುತ್ತಿದ್ದ. ನಾನು ಅತ್ತ ಗಮನ ಕೊಡಲಿಲ್ಲ. ಮನೆಗೆ ಹೋಗಿ ಅತ್ತೆಗೆ ಏನು ಹೇಳಲಿ, ಎಲ್ಲಿಂದ ಶುರುಮಾಡಲಿ ಎಂಬ ಚಿಂತೆಯಲ್ಲಿದ್ದೆ.

ಮನೆಯಲ್ಲಿ ಸೀರಿಯಲ್ ಓಡುತ್ತಿತ್ತು, ಆದರೆ ಒಂದಿಷ್ಟೂ ಸೌಂಡಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತೆ. ಅನ್ನ, ಸಾರು, ತಟ್ಟೆಯ ಪಕ್ಕದಲ್ಲಿ ಎಂದೂ ಇಲ್ಲದ ಉಪ್ಪಿನ ಡಬ್ಬ.

"ಹಾಕ್ಕೊಳ್ಳಿ. ಸಾರಿಗೆ ಉಪ್ಪು ಕಮ್ಮಿಯಂತೆ" ಎಂದರು ಅತ್ತೆ.

"ಯಾರು ಹೇಳಿದ್ದು ಅತ್ತೆ?"

"ಜಿಂಕೆ."

ಆಗ ಮೇಜಿನ ಮೇಲಿದ್ದ ಅವರ ಫೋನಿನಿಂದ ಸಿಡ್ನಿ ಮಾತಾಡಿತು. "ಲೋ ಯತೀಶ." ಅಮ್ಮನ ಎದುರಿಗೇ 'ಲೋ'. "ನಿನ್ನ ಫ್ರೆಂಡು ವಿಡಿಯೋ ಕಳಿಸಿ, ಇದು ಯಾವ ಮಂತ್ರ, ಅರ್ಥ ಹೇಳಿ ಅಂತ ಕೇಳಿದ. ನಾನು ನೋಡಿ ಅಮ್ಮಂಗೆ ಕಳಿಸ್ದೆ. ಅಮ್ಮ ನಂಜನಗೂಡಿನ ಗ್ರೂಪಿಗೆ ಹಾಕಿದಾರೆ." ಬೈಯಲು ಶುರುಮಾಡಿದವಳ ದನಿ ನಡುವೆಯೇ ಒಡೆದು ಮೂಗು ಸೀಟಿದ ಸದ್ದು ಕೇಳಿತು. "ಜಿಂಕೆ ಹತ್ರ ಹೇಳೋಕಾಗುತ್ತೆ, ನನ್ನ ಹತ್ರ ಹೇಳೋಕಾಗಲ್ಲ ಅಲ್ವಾ" ಎಂದು ಇಟ್ಟುಬಿಟ್ಟಳು.

ತಲೆ ತಗ್ಗಿಸಿ ಕೂತವನು ಹಾಲ್ ಕಡೆ ನೋಡಿದರೆ ಗ್ಯಾರೇಜಿನ ಫೋಮ್ ಜಿಂಕೆ ಸೋಫಾ ಪಕ್ಕ ನಿಂತಿದೆ. ಮೈಮೇಲೆ ಅತ್ತೆಯ ಶಾಲು. ನನ್ನ ಬಾಣ ಮಾಡಿದ ಒಂದೊಂದು ತೂತಿಗೂ ಹತ್ತಿ ತುರುಕಿ ಅರಿಶಿನ ಹಚ್ಚಿದ್ದಾರೆ.

"ಪಾಪ, ಮೈಯೆಲ್ಲ ಗಾಯ" ಎಂದರು.

ಇನ್ನು ಮರ್ಯಾದೆ ಏನು ಉಳಿದಿತ್ತು? ಎಂಜಲು ಕೈಯಲ್ಲೇ ಎದ್ದು ನಿಂತೆ. "ತಪ್ಪಾಯ್ತು ಅತ್ತೆ. ಹೋಗ್ಬೇಡಿ."

ಅವರು ಕೂತೇ ಇದ್ದರು. "ಜಿಂಕೆಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ರಿ" ಎಂದರು. ಆಮೇಲೆ ಇನ್ನೊಂದು ಸೌಟು ಸಾರು ಬಡಿಸಿದರು. "ಟಿಕೆಟ್ಟು ನಿವಿ ಆಗಲೇ ಕ್ಯಾನ್ಸಲ್ ಮಾಡಿದ್ಲು. ಆದ್ರೆ ದೇವರ ಹೆಸರಲ್ಲಿ ಸುಳ್ಳು ವ್ರತ ಮಾಡಿದ್ದೀರಿ. ಅದನ್ನ ಹಾಗೇ ಬಿಡೋ ಹಾಗಿಲ್ಲ. ನಿಜವಾದ್ದು ಮಾಡಿ ಕಳೀಬೇಕು. ಅವಳು ಬರೋವರೆಗೆ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಎರಡು ಹೊತ್ತು ಸ್ನಾನ, ಬೆಳಗಿನ ಜಾವ ಏಳೋದು. ನಾನು ಇದ್ದು ಮಾಡಿಸ್ತೀನಿ."

"ಮೌನ?" ಎಂದೆ ಆಸೆಯಿಂದ.

"ಅದೊಂದು ಬೇಡ. ಅದು ಆಗ್ಲೇ ಐದು ವರ್ಷ ಮಾಡಿದೀರಿ."

ಮರುದಿನ ಬೆಳಗಿನ ಜಾವ ತಣ್ಣೀರಿನಂಥ ಚಳಿಯಲ್ಲಿ ಹಿತ್ತಲಿಗೆ ಬಂದೆ. ಎರಡು ಸ್ಟೂಲ್ ಇದ್ದವು. ಅತ್ತೆಯಿಂದ ಘಮ್ಮೆಂದು ಮುಲಾಮಿನ ವಾಸನೆ ಬರುತ್ತಿತ್ತು. ಕೂತೆ. ಮ್ಯಾಗ್‌ಪೈ ಹಾಡಿತು. ನಾನು ಮತ್ತೆ ಕಂಬವಾದೆ.

"ಹೂಂ, ಮಾತಾಡಿ" ಎಂದರು.

"ಏನು ಮಾತಾಡ್ಲಿ ಅತ್ತೆ?"

ಅವರು ಹತ್ತಿ ಪಕ್ಕಕ್ಕಿಟ್ಟು ಎದ್ದು, ಒಳಗಿನಿಂದ ಆ ಫೋಮ್ ಜಿಂಕೆಯನ್ನು ಎಳೆದು ತಂದು ನಮ್ಮೆದುರು ನಿಲ್ಲಿಸಿದರು. ಅದರ ಮುಖ ನನ್ನ ಕಡೆ ತಿರುಗಿಸಿದರು. "ಅದಕ್ಕೇ ಹೇಳಿ. ನಾನು ಇಲ್ಲೇ ಕೂತು ಕೇಳಿಸ್ಕೋತೀನಿ."

ನಾನು ಗಂಟಲು ಸರಿಮಾಡಿಕೊಂಡು ಅರಿಶಿನ ಮೆತ್ತಿದ ಜಿಂಕೆಯ ಮುಖ ನೋಡಿದೆ. "ಕಾಫಿ ಆಯ್ತಾ?" ಎಂದು ಕೇಳಿದೆ.

"ಇನ್ನೂ ಇಲ್ಲ" ಎಂದರು ಅತ್ತೆ, ಬತ್ತಿ ಹೊಸೆಯುತ್ತ.

ಎದ್ದು ಹೋಗಿ ಮಾಡಿಕೊಂಡು ಬಂದೆ.